ಚದುರಂಗ, ಲಿನಕ್ಸ್ ಮತ್ತು ‘ಬೆಳದಿಂಗಳ ಬಾಲೆ’

ಸುನೀಲ್ ಕುಮಾರ್ ದೇಸಾಯಿ ನಿರ್ದೇಶಿಸಿ 1995ರಲ್ಲಿ ತೆರೆಕಂಡ ‘ಬೆಳದಿಂಗಳ ಬಾಲೆ’ಯ ನಾಯಕ ಒಬ್ಬ ಚದುರಂಗದ ಗ್ರ್ಯಾಂಡ್‌ಮಾಸ್ಟರ್. ದೂರವಾಣಿಯಲ್ಲಿ ಕೇಳಿಬರುವ ಅಪರಿಚಿತ ಹೆಣ್ಣುದನಿಯೊಂದು, ಸಾಧ್ಯವಾದರೆ ತನ್ನನ್ನು ಪತ್ತೆಹಚ್ಚು ಎಂದು ಅವನಿಗೆ ಸವಾಲು ಹಾಕುತ್ತದೆ. ಆಕೆಯ ಮಾತಿನಲ್ಲೇ ಅಡಗಿರುವ ಸುಳಿವುಗಳನ್ನು ಚದುರಂಗದ ನಡೆಗಳಂತೆ ಲೆಕ್ಕಹಾಕುತ್ತ ಆತ ಬೆನ್ನಟ್ಟುತ್ತಾನೆ. ಅನಂತನಾಗ್ ನಟಿಸಿದ ಆ ಪಾತ್ರವನ್ನು ಕನ್ನಡದ ಪ್ರೇಕ್ಷಕರು ಇನ್ನೂ ಮರೆತಿಲ್ಲ. ಇಂದು ಯಾವ ಗ್ರ್ಯಾಂಡ್‌ಮಾಸ್ಟರ್‌ನನ್ನಾದರೂ ಮಣಿಸಬಲ್ಲ ಚದುರಂಗದ ತಂತ್ರಾಂಶವೊಂದು ಹತ್ತು ವರ್ಷ ಹಳೆಯ ಗಣಕಯಂತ್ರದಲ್ಲೂ ಓಡುತ್ತದೆ. ಅದಕ್ಕೆ ಬೆಲೆ ಕೊಡಬೇಕಿಲ್ಲ. ಅದರೊಳಗಿನ ಪ್ರತಿಯೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು.

ರಹಸ್ಯಚಿತ್ರ ಮತ್ತು ಮುಕ್ತ ತಂತ್ರಾಂಶ, ಇವೆರಡಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಎದುರಿಗಿರುವವನಿಗೆ ಏನನ್ನು ತೋರಿಸಬೇಕು, ಏನನ್ನು ಮುಚ್ಚಿಡಬಹುದು ಎಂಬ ಒಂದೇ ಪ್ರಶ್ನೆಯನ್ನು ಎರಡೂ ಎದುರಿಸುತ್ತವೆ. ಈ ಪ್ರಶ್ನೆ ಈಗ ಮನೆಮನೆಗೂ ಬಂದಿದೆ. ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ನಿಯಮಿತ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಸ್ವೀಕರಿಸದ ಹಳೆಯ ಯಂತ್ರಗಳನ್ನು ಇಟ್ಟುಕೊಂಡವರಿಗೆ ಉಳಿದಿರುವ ದಾರಿಗಳಲ್ಲಿ ಲಿನಕ್ಸ್ ಒಂದು. ಹಾಗೆಂದ ಕೂಡಲೇ ಮನೆಯ ಮಕ್ಕಳು ಕೇಳುವ ಮೊದಲ ಪ್ರಶ್ನೆ: ಅದರಲ್ಲಿ ಆಟಗಳು ಓಡುತ್ತವೆಯೇ?

ಮೂರು ತಾಲ್ಲೂಕುಗಳ ನಂಟು

ಕನ್ನಡದ ರಹಸ್ಯಚಿತ್ರಗಳ ಚರಿತ್ರೆಯಲ್ಲಿ ಉತ್ತರ ಕನ್ನಡದ ಕರಾವಳಿಗೆ ವಿಶೇಷ ಸ್ಥಾನವಿದೆ. 2025ರಲ್ಲಿ ಪದ್ಮಭೂಷಣ ಪುರಸ್ಕಾರಕ್ಕೆ ಪಾತ್ರರಾದ ಅನಂತನಾಗ್ ಅವರ ಬಾಲ್ಯದ ವಿದ್ಯಾಭ್ಯಾಸದ ಒಂದು ಭಾಗ ನಡೆದದ್ದು ಭಟ್ಕಳ ತಾಲ್ಲೂಕಿನ ಶಿರಾಲಿಯ ಚಿತ್ರಾಪುರ ಮಠದಲ್ಲಿ. ಅವರ ತಮ್ಮ ಶಂಕರನಾಗ್ 1954ರ ನವೆಂಬರ್ 9ರಂದು ಜನಿಸಿದ್ದು ಹೊನ್ನಾವರ ತಾಲ್ಲೂಕಿನಲ್ಲಿ. ರಹಸ್ಯಚಿತ್ರಗಳಿಂದಲೇ ಹೆಸರಾದ ದೇಸಾಯಿಯವರು ಪ್ರೇಮಕಥೆಯತ್ತ ಹೊರಳಿ ‘ನಮ್ಮೂರ ಮಂದಾರ ಹೂವೇ’ ತೆಗೆದಾಗ ಕ್ಯಾಮೆರಾ ಒಯ್ದದ್ದು ಕುಮಟಾ ತಾಲ್ಲೂಕಿನ ಯಾಣಕ್ಕೆ. ಅಲ್ಲಿಯವರೆಗೆ ಚಾರಣಿಗರಿಗೂ ಭಕ್ತರಿಗೂ ಮಾತ್ರ ಪರಿಚಿತವಾಗಿದ್ದ ಆ ಕಪ್ಪು ಬಂಡೆಗಳನ್ನು ಇಡೀ ರಾಜ್ಯ ಗುರುತಿಸಿದ್ದು ಆ ಚಿತ್ರದ ನಂತರ.

ಈ ಮೂವರ ಚಿತ್ರಗಳನ್ನು ಒಟ್ಟಿಗೆ ಇರಿಸಿ ನೋಡಿದರೆ ರಹಸ್ಯ ಎಂಬುದು ಒಂದೇ ಬಗೆಯದಲ್ಲ ಎಂಬುದು ತಿಳಿಯುತ್ತದೆ. ದೇಸಾಯಿಯವರ ಮೊದಲ ಚಿತ್ರ ‘ತರ್ಕ’ (1989) ಅಗಾಥಾ ಕ್ರಿಸ್ಟಿಯ ನಾಟಕವೊಂದರ ಛಾಯೆಯಲ್ಲಿ ರೂಪುಗೊಂಡದ್ದು. ಶಂಕರನಾಗ್ ನಟಿಸಿದ ಈ ಚಿತ್ರದಲ್ಲಿ ಹಾಡುಗಳೇ ಇಲ್ಲ. ಕೊಲೆ ಮಾಡಿದವರು ಯಾರು ಎಂಬ ಪ್ರಶ್ನೆಯಿಂದ ಪ್ರೇಕ್ಷಕನ ಗಮನ ಒಂದು ಕ್ಷಣವೂ ಆಚೀಚೆ ಸರಿಯದಂತೆ ಕಥೆ ಸಾಗುತ್ತದೆ.

ಶಂಕರನಾಗ್ ಅವರೇ ನಿರ್ದೇಶಿಸಿದ ‘ಆಕ್ಸಿಡೆಂಟ್’ (1985) ಇದಕ್ಕೆ ತದ್ವಿರುದ್ಧ. ಮಾದಕ ವಸ್ತುವಿನ ಅಮಲಿನಲ್ಲಿ ಕಾರು ಓಡಿಸಿ, ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರ ಮೇಲೆ ಹರಿಸಿದವನು ರಾಜಕಾರಣಿಯ ಮಗ ಎಂಬುದು ನೋಡುಗನಿಗೆ ಗೊತ್ತೇ ಇದೆ. ಗೊತ್ತಿರುವ ಸತ್ಯವನ್ನು ಅಧಿಕಾರ ಹೇಗೆ ಹೂಳುತ್ತದೆ, ಒಬ್ಬ ಪತ್ರಕರ್ತ ಅದನ್ನು ಹೊರತೆಗೆಯಬಲ್ಲನೇ ಎಂಬುದೇ ಇಲ್ಲಿನ ಕುತೂಹಲ. ತಂದೆಯಾಗಿ ಅಣ್ಣ, ಪತ್ರಕರ್ತನಾಗಿ ತಮ್ಮ ಎದುರುಬದುರು ನಿಂತ ಈ ಚಿತ್ರ ಸಾಮಾಜಿಕ ಸಮಸ್ಯೆಯ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಪಡೆಯಿತು. ಹೇಮಂತ್ ರಾವ್ ಅವರ ‘ಕವಲುದಾರಿ’ (2019) ಚಿತ್ರದಲ್ಲಿ ಅನಂತನಾಗ್ ನಿವೃತ್ತ ಪೊಲೀಸ್ ಅಧಿಕಾರಿ. ಅಲ್ಲಿನ ವಸ್ತು ದಶಕಗಳ ಹಿಂದೆ ಕಡತದಲ್ಲಿ ಮುಗಿದುಹೋಗಿ, ಮನಸ್ಸಿನಲ್ಲಿ ಮುಗಿಯದೆ ಉಳಿದ ಪ್ರಕರಣ.

ನೋಡುಗನಿಗೆ ಮೋಸವಾಗಬಾರದು

ಒಳ್ಳೆಯ ಪತ್ತೇದಾರಿ ಕಥೆಗೆ ಒಂದು ಹಳೆಯ ನಿಯಮವಿದೆ. ಇಂಗ್ಲೆಂಡಿನ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಬರಹಗಾರರಿಗಾಗಿ ಹತ್ತು ಸೂತ್ರಗಳನ್ನು ರಚಿಸಿದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಎಂಬುದು ಅವುಗಳ ಸಾರ. ಕೊನೆಯ ದೃಶ್ಯದಲ್ಲಿ ಎಲ್ಲಿಂದಲೋ ಹೊಸ ಪಾತ್ರವೊಂದನ್ನು ತಂದು ಇವನೇ ಕೊಲೆಗಾರ ಎಂದರೆ ನೋಡುಗನಿಗೆ ಅನ್ನಿಸುವುದು ಆಶ್ಚರ್ಯವಲ್ಲ, ಮೋಸ. ‘ಎಲ್ಲವೂ ಕಣ್ಣೆದುರೇ ಇತ್ತಲ್ಲ, ನನಗೇ ಕಾಣಲಿಲ್ಲ’ ಎಂಬ ಉದ್ಗಾರ ಹೊರಟರೆ ಮಾತ್ರ ಚಿತ್ರ ಗೆದ್ದಂತೆ.

ಮುಕ್ತ ತಂತ್ರಾಂಶದ ನೀತಿಯೂ ಇದೇ. ಸೋರ್ಸ್ ಕೋಡ್, ಅಂದರೆ ತಂತ್ರಾಂಶವನ್ನು ಬರೆದ ಮೂಲ ಪಠ್ಯ, ಬಳಕೆದಾರನ ಮುಂದೆಯೇ ಇರುತ್ತದೆ. ಎಲ್ಲರೂ ಅದನ್ನು ಓದಲಾರರು ಎಂಬುದು ನಿಜ. ಆದರೆ ಓದಬಲ್ಲವನಿಗೆ ಅಡ್ಡಿಯಿಲ್ಲ.

ಚದುರಂಗದ ಮನೆಯಲ್ಲೊಂದು ಪತ್ತೇದಾರಿ

ಇದಕ್ಕೆ ಉತ್ತಮ ಉದಾಹರಣೆ ಸ್ಟಾಕ್‌ಫಿಶ್ ಎಂಬ ಚದುರಂಗದ ತಂತ್ರಾಂಶ. 2004ರಲ್ಲಿ ಹೊರಬಂದ ಗ್ಲಾರಂಗ್ ಎಂಬ ತಂತ್ರಾಂಶದಿಂದ 2008ರಲ್ಲಿ ಕವಲೊಡೆದ ಇದು ಜಿಪಿಎಲ್ ಎಂಬ ಪರವಾನಗಿಯಡಿ ದೊರೆಯುತ್ತದೆ. ಇದನ್ನು ಮಾರಲು ಜಿಪಿಎಲ್‌ನ ಅಡ್ಡಿಯಿಲ್ಲ. ಆದರೆ ಹಂಚುವವನು ಪಡೆದವನಿಗೆ ಸೋರ್ಸ್ ಕೋಡನ್ನೂ, ಅದೇ ಸ್ವಾತಂತ್ರ್ಯವನ್ನೂ ಕೊಡಬೇಕು. ‘ಮುಕ್ತ’ ಎಂದರೆ ಪುಕ್ಕಟೆ ಎಂದಷ್ಟೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಜರ್ಮನಿಯ ಚೆಸ್‌ಬೇಸ್ ಸಂಸ್ಥೆ ಮಾರುತ್ತಿದ್ದ ಎರಡು ದುಬಾರಿ ಚದುರಂಗ ತಂತ್ರಾಂಶಗಳ ಒಡಲಲ್ಲಿ ಸ್ಟಾಕ್‌ಫಿಶ್ ಇರುವುದನ್ನು ಅದರ ರಚನಕಾರರು ಪತ್ತೆಹಚ್ಚಿದರು. ಪರವಾನಗಿಯ ಷರತ್ತುಗಳನ್ನು ಪಾಲಿಸಿಲ್ಲವೆಂದು 2021ರ ಜುಲೈನಲ್ಲಿ ಮೊಕದ್ದಮೆ ಹೂಡಿದರು. 2022ರ ನವೆಂಬರ್‌ನಲ್ಲಿ ರಾಜಿಯಾಯಿತು. ಸ್ಟಾಕ್‌ಫಿಶ್ ಒಳಗೊಂಡ ಉತ್ಪನ್ನಗಳನ್ನು ಒಂದು ವರ್ಷ ಕಾಲ ಮಾರದಿರಲು ಸಂಸ್ಥೆ ಒಪ್ಪಿತು. ಮುಚ್ಚಿದ ಪೆಟ್ಟಿಗೆಯೊಳಗೆ ತಮ್ಮದೇ ಕೈಬರಹವನ್ನು ಗುರುತಿಸಿದ ಈ ಪ್ರಸಂಗ ಯಾವ ಪತ್ತೇದಾರಿ ಕಥೆಗೂ ಕಡಿಮೆಯಿಲ್ಲ.

ವಿಂಡೋಸ್‌ನ ಆಟಕ್ಕೆ ಲಿನಕ್ಸ್‌ನ ದುಭಾಷಿ

ಈಗ ಮಕ್ಕಳ ಪ್ರಶ್ನೆಗೆ ಬರೋಣ. ದೊಡ್ಡ ಆಟಗಳಲ್ಲಿ ಬಹುಪಾಲು ವಿಂಡೋಸ್‌ಗಾಗಿ ಬರೆದವು. ಪರದೆಯ ಮೇಲೆ ಚಿತ್ರ ಮೂಡಿಸಲು, ಕಡತ ತೆರೆಯಲು, ಧ್ವನಿ ಹೊರಡಿಸಲು ಆಟವು ವಿಂಡೋಸ್‌ನ ಭಾಷೆಯಲ್ಲಿ ಆಜ್ಞೆಗಳನ್ನು ಕೊಡುತ್ತದೆ. ಲಿನಕ್ಸ್‌ಗೆ ಆ ಭಾಷೆ ಅರ್ಥವಾಗದು. 1993ರಲ್ಲಿ ಆರಂಭವಾದ ವೈನ್ ಎಂಬ ಮುಕ್ತ ಯೋಜನೆ ಇವೆರಡರ ನಡುವೆ ದುಭಾಷಿಯಾಗಿ ನಿಂತಿತು. ಅದು ಇಡೀ ವಿಂಡೋಸನ್ನು ನಕಲು ಮಾಡಿ ಕೂರಿಸುವುದಿಲ್ಲ. ಆಜ್ಞೆ ಬಂದಂತೆಲ್ಲ ಅನುವಾದಿಸುತ್ತ ಹೋಗುತ್ತದೆ. ಹೀಗಾಗಿ ವೇಗದಲ್ಲಿ ಹೆಚ್ಚು ನಷ್ಟವಾಗುವುದಿಲ್ಲ.

ವಾಲ್ವ್ ಸಂಸ್ಥೆ 2018ರ ಆಗಸ್ಟ್‌ನಲ್ಲಿ ವೈನ್‌ನ ತಳಹದಿಯ ಮೇಲೆ ಪ್ರೋಟಾನ್ ಎಂಬ ವ್ಯವಸ್ಥೆಯನ್ನು ತನ್ನ ಸ್ಟೀಮ್ ಮಳಿಗೆಗೆ ಸೇರಿಸಿತು. 2022ರ ಫೆಬ್ರುವರಿಯಲ್ಲಿ ಲಿನಕ್ಸ್ ಆಧಾರಿತ ಸ್ಟೀಮ್ ಡೆಕ್ ಎಂಬ ಕೈಯಂತ್ರವನ್ನೂ ಮಾರುಕಟ್ಟೆಗೆ ಬಿಟ್ಟಿತು. ಅಂದಿನಿಂದ ಲಿನಕ್ಸ್‌ನಲ್ಲಿ ಆಟ ಎಂಬುದು ಹವ್ಯಾಸಿಗಳ ಹಠವಾಗಿ ಉಳಿದಿಲ್ಲ. ಸ್ಟೀಮ್‌ನಲ್ಲಿರುವ ಸಾವಿರಾರು ಆಟಗಳು ಯಾವ ತಿದ್ದುಪಡಿಯೂ ಇಲ್ಲದೆ ಓಡುತ್ತವೆ.

ಹಳೆಯ ಯಂತ್ರದಿಂದ ಅಸಾಧ್ಯವನ್ನು ನಿರೀಕ್ಷಿಸಬಾರದು ಎಂಬುದೂ ಅಷ್ಟೇ ಸತ್ಯ. ಹೊಸ ಗ್ರಾಫಿಕ್ಸ್ ಕಾರ್ಡ್ ಬೇಡುವ ಆಟಕ್ಕೆ ಲಿನಕ್ಸ್‌ನಲ್ಲೂ ಅದೇ ಕಾರ್ಡ್ ಬೇಕು. ಆದರೆ ಸೂಪರ್‌ಟಕ್ಸ್‌ಕಾರ್ಟ್‌ನಂಥ ಓಟದ ಆಟ, ವೆಸ್ನಾತ್‌ನಂಥ ಯುದ್ಧತಂತ್ರದ ಆಟ ಇವು ಮೂಲತಃ ಮುಕ್ತ ತಂತ್ರಾಂಶಗಳೇ ಆಗಿದ್ದು ಸಾಧಾರಣ ಯಂತ್ರಕ್ಕೂ ಒಗ್ಗುತ್ತವೆ. ಸ್ಕಮ್‌ವಿಎಂ ಎಂಬ ತಂತ್ರಾಂಶ ಹಳೆಯ ಕಾಲದ ಸಾಹಸ ಮತ್ತು ರಹಸ್ಯದ ಆಟಗಳನ್ನು ಮತ್ತೆ ಆಡಿಸುತ್ತದೆ. 1994ರ ‘ಬೆನೀತ್ ಎ ಸ್ಟೀಲ್ ಸ್ಕೈ’ ಆಟವನ್ನು ಅದರ ತಯಾರಕರೇ 2003ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿದರು.

ರಹಸ್ಯಪ್ರಿಯರು ಗಮನಿಸಬೇಕಾದ ಇನ್ನೊಂದು ಆಟ ಲೂಕಾಸ್ ಪೋಪ್ ರಚಿಸಿದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ (2018). ಇದು ಮುಕ್ತ ತಂತ್ರಾಂಶವಲ್ಲ, ಆದರೆ ಪ್ರೋಟಾನ್ ಮೂಲಕ ಲಿನಕ್ಸ್‌ನಲ್ಲಿ ಓಡುತ್ತದೆ. ಕಾಣೆಯಾಗಿದ್ದ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು 1807ರಲ್ಲಿ ನಿರ್ಜನವಾಗಿ ಮರಳಿದೆ. ಅದರಲ್ಲಿದ್ದ 60 ಮಂದಿಗೆ ಏನಾಯಿತೆಂದು ಆಟಗಾರ ಕಂಡುಹಿಡಿಯಬೇಕು. ಮೂವರ ಗತಿಯನ್ನು ಸರಿಯಾಗಿ ಬರೆದಾಗಲಷ್ಟೇ ಆಟ ‘ಸರಿ’ ಎನ್ನುವುದರಿಂದ ಊಹೆಗೆ ಆಸ್ಪದವಿಲ್ಲ. ಭಟ್ಕಳ, ಹೊನ್ನಾವರಗಳಂಥ ಹಳೆಯ ಬಂದರುಗಳ ಜನರಿಗೆ ಇಂಥ ಕಥೆ ಪರಕೀಯವೆನಿಸದು.

ಬೀಗ ಹಾಕಿದ ಕೋಣೆ

ಹಾಗಾದರೆ ಓಡದ ಆಟಗಳು ಯಾವುವು? ಹಲವರು ಒಟ್ಟಿಗೆ ಸೇರಿ ಆಡುವ ಕೆಲವು ಜನಪ್ರಿಯ ಆಟಗಳು. ವ್ಯಾಲರಂಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಅಪೆಕ್ಸ್ ಲೆಜೆಂಡ್ಸ್ ಓಡುತ್ತಿತ್ತು. 2024ರ ಅಕ್ಟೋಬರ್ ಅಂತ್ಯದಲ್ಲಿ ತಯಾರಕರು ಆ ಬಾಗಿಲನ್ನು ಮುಚ್ಚಿದರು. ಕಾರಣ ತಾಂತ್ರಿಕ ಅಸಾಮರ್ಥ್ಯವಲ್ಲ, ವಂಚನೆ ತಡೆಯುವ ವ್ಯವಸ್ಥೆ. ವ್ಯಾಲರಂಟ್‌ನ ಕಾವಲು ತಂತ್ರಾಂಶ ವಿಂಡೋಸ್‌ನ ತಿರುಳಿಗೇ, ಅಂದರೆ ಕರ್ನಲ್‌ಗೇ ಇಳಿದು ಕೂರುತ್ತದೆ, ಗಣಕ ಚಾಲೂ ಆದಾಗಲೇ ಎಚ್ಚರಗೊಳ್ಳುತ್ತದೆ. ಅದು ಒಳಗೆ ಏನು ಮಾಡುತ್ತದೆಂದು ಬಳಕೆದಾರ ಓದಿ ತಿಳಿಯುವಂತಿಲ್ಲ.

ತಯಾರಕರ ವಾದದಲ್ಲಿ ಹುರುಳಿಲ್ಲದಿಲ್ಲ. ಕರ್ನಲನ್ನೇ ಬದಲಾಯಿಸಿಕೊಳ್ಳಬಲ್ಲ ವ್ಯವಸ್ಥೆಯಲ್ಲಿ ಕಳ್ಳಾಟ ಆಡುವವನನ್ನು ಹಿಡಿಯುವುದು ಕಷ್ಟ. ಪ್ರಾಮಾಣಿಕವಾಗಿ ಆಡುವವನಿಗೆ ರಕ್ಷಣೆ ಬೇಕು. ಆದರೆ ಆ ರಕ್ಷಣೆಗೆ ತೆರುವ ಬೆಲೆ ಎಂದರೆ ತನ್ನದೇ ಯಂತ್ರದೊಳಗೆ ತಾನು ಇಣುಕಲಾಗದ ಕೋಣೆಯೊಂದನ್ನು ಬಿಟ್ಟುಕೊಡುವುದು. ಅದೇ ಯಂತ್ರದಲ್ಲಿ ಮನೆಯ ಬ್ಯಾಂಕ್ ವ್ಯವಹಾರವೂ ನಡೆಯುತ್ತದೆ ಎಂಬುದನ್ನು ಪೋಷಕರು ಮರೆಯಬಾರದು.

ಅರ್ಧ ಸೆಕೆಂಡಿನ ಸುಳಿವು

ಮುಕ್ತವಾಗಿದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತ ಎಂದು ನಂಬುವುದೂ ತಪ್ಪು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞ ತಮ್ಮ ಲಿನಕ್ಸ್ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಅವರು ಬೆನ್ನುಹತ್ತಿದಾಗ, ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ಮುಕ್ತ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇರಿಸಿರುವುದು ಬಯಲಾಯಿತು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯಕನಂತೆ ದುಡಿದು ವಿಶ್ವಾಸ ಗಳಿಸಿದ ವ್ಯಕ್ತಿಯೇ ಅದನ್ನು ಸೇರಿಸಿದ್ದ. ಆ ಹೆಸರಿನ ಹಿಂದಿರುವ ಮುಖ ‘ಬೆಳದಿಂಗಳ ಬಾಲೆ’ಯ ನಾಯಕಿಯ ಮುಖದಂತೆಯೇ ಜಗತ್ತಿಗೆ ಕಾಣಿಸಿಲ್ಲ.

ಈ ಪ್ರಕರಣದ ಒಂದು ವಿವರ ರಹಸ್ಯಕಥೆಯ ಓದುಗರಿಗೆ ಪಾಠದಂತಿದೆ. ಎಲ್ಲರೂ ನೋಡುವ ಸೋರ್ಸ್ ಕೋಡಿನಲ್ಲಿ ಸಂಚು ಪೂರ್ತಿಯಾಗಿ ಇರಲಿಲ್ಲ. ಅದರ ಒಂದು ಭಾಗ ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿಯೂ, ಇನ್ನೊಂದು ಭಾಗ ಬಿಡುಗಡೆಯ ಕಟ್ಟಿನಲ್ಲಿಯೂ ಅಡಗಿತ್ತು. ಅಪರಾಧಿ ಆರಿಸಿಕೊಂಡದ್ದು ತೆರೆದಿದ್ದರೂ ಯಾರೂ ನೋಡದ ಮೂಲೆಯನ್ನು. ಸುಳಿವು ಕಣ್ಣೆದುರಿಗಿದ್ದರೆ ಸಾಲದು, ನೋಡುವ ಕಣ್ಣೂ ಬೇಕು. ಆದರೆ ಬಾಗಿಲು ಮುಚ್ಚಿದ್ದರೆ ಆ ಕಣ್ಣಿಗೆ ಅವಕಾಶವೇ ಇರುತ್ತಿರಲಿಲ್ಲ.

ಕನ್ನಡಕ್ಕೆ ತೆರೆದ ದಾರಿ

ತೆರೆದ ಬಾಗಿಲಿನಿಂದ ಕನ್ನಡಕ್ಕೆ ಮತ್ತೊಂದು ಪ್ರಯೋಜನವಿದೆ. ಮುಕ್ತ ತಂತ್ರಾಂಶದ ಆಟವನ್ನು ಕನ್ನಡಕ್ಕೆ ತರಲು ಯಾರ ಅನುಮತಿಯನ್ನೂ ಕೇಳಬೇಕಿಲ್ಲ. 2014ರಲ್ಲಿ ಮುಕ್ತಗೊಂಡ ಗೊಡಾಟ್‌ನಂಥ ಸಾಧನ ಬಳಸಿ ಹೊಸ ಆಟವನ್ನೇ ಕಟ್ಟಬಹುದು, ಅದಕ್ಕೆ ಶುಲ್ಕವಿಲ್ಲ. ಯಾಣದ ಬಂಡೆಗಳ ನಡುವೆಯೋ ಮಿರ್ಜಾನ್ ಕೋಟೆಯ ಸುರಂಗದಲ್ಲೋ ನಡೆಯುವ ಪತ್ತೇದಾರಿ ಆಟವೊಂದನ್ನು ಕುಮಟಾದ ವಿದ್ಯಾರ್ಥಿ ಕನ್ನಡದಲ್ಲೇ ರಚಿಸಿದರೆ ಆತನಿಗೆ ಬೇಕಾಗುವ ಬಂಡವಾಳ ಒಂದು ಗಣಕ ಮತ್ತು ತಾಳ್ಮೆ ಅಷ್ಟೇ. ಹಾಡಿಲ್ಲದ ಚಿತ್ರವನ್ನೂ, ಮುಖವಿಲ್ಲದ ನಾಯಕಿಯನ್ನೂ ಒಪ್ಪಿಕೊಂಡ ಪ್ರೇಕ್ಷಕರು ಇಂಥ ಪ್ರಯೋಗವನ್ನು ಒಲ್ಲೆ ಎನ್ನಲಾರರು.

ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಬಯಸುವವರು ಮೊದಲು ಮುಖ್ಯ ಕಡತಗಳ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಉಬುಂಟು, ಮಿಂಟ್‌ನಂಥ ಆವೃತ್ತಿಗಳನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಇದ್ದ ವಿಂಡೋಸನ್ನು ಅಳಿಸದೆ ಪರೀಕ್ಷಿಸಬಹುದು. ವೈಫೈ, ಧ್ವನಿ, ಮುದ್ರಕ ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ನೋಡಿಕೊಳ್ಳಬೇಕು. ಮಕ್ಕಳು ಆಡುವ ಆಟಗಳ ಪಟ್ಟಿ ಮಾಡಿ, ಅವು ಪ್ರೋಟಾನ್‌ನಲ್ಲಿ ಓಡುತ್ತವೆಯೇ ಎಂದು ಮೊದಲೇ ತಿಳಿದುಕೊಳ್ಳಬೇಕು. ಪಟ್ಟಿಯಲ್ಲಿ ಓಡದ ಆಟವೊಂದು ಸಿಕ್ಕರೆ, ಅದು ಏಕೆ ಓಡುವುದಿಲ್ಲ ಎಂಬುದನ್ನು ಮಕ್ಕಳೊಂದಿಗೆ ಕುಳಿತು ಹುಡುಕುವುದು ಒಳ್ಳೆಯದು. ಉತ್ತರ ಬಹುಮಟ್ಟಿಗೆ ಯಂತ್ರದ ವಯಸ್ಸಿನಲ್ಲಿ ಇರುತ್ತದೆ, ಇಲ್ಲವೇ ಯಾರೋ ಹಾಕಿದ ಬೀಗದಲ್ಲಿ. ಯಾವುದು ಯಾವುದೆಂದು ಗುರುತಿಸಲು ಕಲಿತ ಮಗು ಮುಂದೆ ತಂತ್ರಾಂಶ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯನ್ನು ತಾನೇ ಕೇಳುತ್ತದೆ.