ವೃದ್ಧರ ಸ್ವತಂತ್ರವಾಸ: ಮಿತಾಕ್ಷರೆಯ ನಾಡಿನ ಒಂದು ವಿಚಾರ

'ವೃದ್ಧಾಶ್ರಮ' ಎಂಬ ಮಾತು ಈಚೆಗೆ ಕನ್ನಡದಲ್ಲಿ ಬಹಳವಾಗಿ ಬಳಕೆಗೆ ಬಂದಿದೆ. ಪದದ ಎರಡು ಅವಯವಗಳೂ ಸಂಸ್ಕೃತದವೇ ಆದರೂ ಧರ್ಮಶಾಸ್ತ್ರಗಳು ಎಣಿಸಿರುವ ಆಶ್ರಮಗಳಲ್ಲಿ ಇದು ಸೇರಿಲ್ಲ. ಅಲ್ಲಿ ಆಶ್ರಮವೆಂದರೆ ಆಯುಷ್ಯದ ಒಂದು ಘಟ್ಟ ಮತ್ತು ಅದಕ್ಕೆ ತಕ್ಕ ನಿಯಮ. ಇಲ್ಲಿಯಾದರೋ ಒಂದು ಕಟ್ಟಡ. ಈ ಅರ್ಥವ್ಯತ್ಯಾಸವು ಶಬ್ದಪಂಡಿತರಿಗೆ ಮಾತ್ರ ಬೇಕಾದ ಸಂಗತಿಯಲ್ಲ. ಕೈಕಾಲು ಗಟ್ಟಿಯಾಗಿದ್ದು, ತಕ್ಕಮಟ್ಟಿನ ಆಸ್ತಿಯೂ ಉಳ್ಳ ಮುದುಕನು ಅಥವಾ ಮುದುಕಿಯು ಎಲ್ಲಿ ವಾಸಿಸಬೇಕು, ಯಾವ ಅಧಿಕಾರದಿಂದ ವಾಸಿಸಬೇಕು ಎಂಬ ಪ್ರಶ್ನೆಯನ್ನು ಈ ಹೊಸ ಪದವು ಮರೆಮಾಡಿಬಿಡುತ್ತದೆ. ವೃದ್ಧರ ವಿಷಯವೆಂದ ಕೂಡಲೆ ಅನ್ನವಸ್ತ್ರಗಳ ಪೋಷಣೆಯೊಂದೇ ನೆನಪಿಗೆ ಬರುವುದು. ಆದರೆ ವಾಸದ ಪ್ರಶ್ನೆಯು ಪೋಷಣೆಯದಕ್ಕಿಂತ ಹೆಚ್ಚಾಗಿ ಸ್ವತ್ವದ್ದೆಂಬುದನ್ನು ಶಾಸ್ತ್ರಕಾರರು ಅರಿತಿದ್ದರು. ಅವರಲ್ಲಿಯೂ ಹೆಚ್ಚು ಸ್ಪಷ್ಟವಾಗಿ ಅರಿತವನು ಕಲ್ಯಾಣದ ವಿಜ್ಞಾನೇಶ್ವರನು.

ಈ ವಿಚಾರಕ್ಕೆ ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಜಿಡಗಾ ಗ್ರಾಮವನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಜಿಡಗಾ–ಮುಗಳಖೋಡ ಮಠದ ಕಾರಣದಿಂದ ಊರಿನ ಹೆಸರು ದೂರದವರಿಗೂ ಪರಿಚಿತವಾಗಿದೆ. ಇದರ ಉತ್ತರಕ್ಕೆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. ದಕ್ಷಿಣದ ಕಡೆಗೆ, ವಿಜ್ಞಾನೇಶ್ವರನ ಊರೆಂದು ಪರಂಪರೆಯು ಹೇಳುವ ಮರತೂರು. ಅಂದರೆ ಹಿಂದೂ ದಾಯವಿಭಾಗಕ್ಕೆ ಭರತಖಂಡದ ಬಹುಭಾಗದಲ್ಲಿ ಆಧಾರವಾದ ಮಿತಾಕ್ಷರೆಯು ಹುಟ್ಟಿದ ನಾಡಿನ ನಡುವೆಯೇ ಈ ಸೀಮೆಯಿದೆ.

ಇಲ್ಲಿಯದು ತೊಗರಿ ಜೋಳಗಳ ಬೇಸಾಯ. ಹಳೆಯ ಮನೆಗಳಿಗೆ ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಳಗೆ ಪಡಸಾಲೆ, ಹೊರಗೆ ಕಟ್ಟೆ. ಅಜ್ಜನನ್ನು ಈ ಕಡೆ 'ಮುತ್ಯಾ' ಎನ್ನುವರು. ಮುದಿ, ಮುಪ್ಪು, ಮುದುಕ ಎಂಬ ಅಚ್ಚಗನ್ನಡ ಮಾತುಗಳ ಬಳಗಕ್ಕೇ ಇದು ಸೇರಿದ್ದು. 'ಅಜ್ಜ'ನಾದರೋ ಸಂಸ್ಕೃತದ ಆರ್ಯಶಬ್ದದಿಂದ ಪ್ರಾಕೃತದ ಮೂಲಕ ಬಂದವನು. ಗೌರವಕ್ಕೆ ಎರಡೂ ಸಮವೇ. ದುಡಿಮೆಗಾಗಿ ಮಕ್ಕಳು ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಿಗೆ ಹೋದ ಮನೆಗಳಲ್ಲಿ ಉಳಿಯುವವರು ಮುತ್ಯಾ ಮತ್ತು ಆಯಿ. ಮಕ್ಕಳು ಊರಲ್ಲೇ ಇದ್ದರೆ ಮನೆಯು ಪಾಲಾಗುವುದು, ಪಡಸಾಲೆಯ ನಡುವೆ ಗೋಡೆ ಏಳುವುದು, ಒಲೆಗಳು ಬೇರೆಯಾಗುವುವು. ಆಗ ಹಿರಿಯರ ಗತಿಯು ಮೂರು ವಿಧ: ಒಬ್ಬ ಮಗನ ಮನೆಯಲ್ಲಿ ನಿಲ್ಲುವುದು, ಮಕ್ಕಳ ಮನೆಗಳಲ್ಲಿ ತಿಂಗಳ ಪಾಳಿಯಂತೆ ಸುತ್ತುವುದು, ಇಲ್ಲವೆ ಒಂದು ಕೋಣೆಯನ್ನೂ ಸ್ವಲ್ಪ ಹೊಲವನ್ನೂ ತಮ್ಮ ಹೆಸರಿನಲ್ಲಿ ಉಳಿಸಿಕೊಂಡು ಬೇರೆ ಒಲೆ ಹೂಡುವುದು. ಇವುಗಳಲ್ಲಿ ಪಾಳಿಯ ವ್ಯವಸ್ಥೆಯು ನೋಡುವುದಕ್ಕೆ ನ್ಯಾಯವಾಗಿ ತೋರಿದರೂ ಅತ್ಯಂತ ಕಷ್ಟತರವಾದದ್ದು. ಎರಡು ಮನೆಗಳುಳ್ಳವನು ಎರಡರಲ್ಲಿಯೂ ಅತಿಥಿಯಾಗುವನು; ಅತಿಥಿಗೆ ಸತ್ಕಾರವುಂಟೇ ಹೊರತು ಬಾಗಿಲ ಕೀಲಿಯಿಲ್ಲ.

ಮೂರನೆಯ ವಿಧವನ್ನು ಊರವರು ಹಲವು ಸಲ ಮನಸ್ತಾಪದ ಗುರುತೆಂದು ತಿಳಿಯುವರು. ಒಲೆ ಬೇರೆಯಾಯಿತೆಂದರೆ ಮನೆ ಒಡೆಯಿತೆಂದೇ ಅರ್ಥ. ಈ ಭಾವನೆಗೆ ಶಾಸ್ತ್ರದ ಬೆಂಬಲವೂ ಇಲ್ಲದಿಲ್ಲ: ಏಕಪಾಕವು, ಅಂದರೆ ಒಂದೇ ಒಲೆಯ ಅಡಿಗೆಯು, ಅವಿಭಕ್ತತೆಯ ಲಕ್ಷಣವೆಂದು ಬೃಹಸ್ಪತಿಯ ಮತ. ಆದರೆ ಲಕ್ಷಣವೇ ವಿಭಾಗವಲ್ಲ. ತಂದೆತಾಯಿಗಳು ಬೇರೆ ಅಡಿಗೆ ಮಾಡಿಕೊಂಡ ಮಾತ್ರಕ್ಕೆ ಸಂಬಂಧವಾಗಲಿ ಹಕ್ಕಾಗಲಿ ಕಡಿಯುವುದಿಲ್ಲ.

ಇನ್ನು ಮುಪ್ಪಿನ ವಾಸದ ಬಗ್ಗೆ ಸ್ಮೃತಿಗಳ ಮಾತನ್ನು ನೋಡಬಹುದು. ಮೈ ಸುಕ್ಕಿ ತಲೆ ನರೆತು ಮೊಮ್ಮಗನ ಮುಖವನ್ನು ಕಂಡ ಗೃಹಸ್ಥನು ಕಾಡಿಗೆ ಹೋಗಬೇಕೆಂಬ ಮನುವಿನ ವಿಧಿಯು ಎಲ್ಲರಿಗೂ ತಿಳಿದದ್ದೇ. ಹೋಗುವಾಗ ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಬಹುದು, ಅಥವಾ ಅವಳೊಡನೆಯೇ ಹೋಗಬಹುದು ಎಂದು ಯಾಜ್ಞವಲ್ಕ್ಯನು ವಿಕಲ್ಪವನ್ನು ಹೇಳಿದ್ದಾನೆ. ವೃದ್ಧೆಯ ವಾಸದ ಪ್ರಶ್ನೆಯು ಇಲ್ಲಿ 'ಒಪ್ಪಿಸುವುದು' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಯಿತು! ಆದರೆ ವಾನಪ್ರಸ್ಥವೊಂದೇ ಮಾರ್ಗವೆಂದು ತಿಳಿಯುವುದು ತಪ್ಪು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ ಬೇರೊಂದು ಮಾರ್ಗವಿದೆ: ಋಷಿ, ಪಿತೃ, ದೇವತೆಗಳ ಋಣವನ್ನು ತೀರಿಸಿದವನು ಭಾರವನ್ನೆಲ್ಲ ಮಗನಿಗೆ ವಹಿಸಿ ಮಧ್ಯಸ್ಥನಾಗಿ ಮನೆಯಲ್ಲೇ ಇರಬಹುದು. ಆರನೆಯ ಅಧ್ಯಾಯದಲ್ಲಿ ಬರುವ ವೇದಸಂನ್ಯಾಸಿಕನೂ ಮಗನ ಐಶ್ವರ್ಯದ ಆಶ್ರಯದಲ್ಲಿ ಸುಖವಾಗಿ ಇರತಕ್ಕವನು. ಮುಂದೆ ಕಲಿವರ್ಜ್ಯಪ್ರಕರಣಗಳಲ್ಲಿ ವಾನಪ್ರಸ್ಥವನ್ನೇ ನಿಷೇಧಿಸಿದ ವಚನಗಳು ಹುಟ್ಟಿಕೊಂಡವು. ಆ ಮೇಲೆ ಉಳಿದದ್ದು ಮನೆಯೊಂದೇ. ಮಾನ್ಯಖೇಟದ ಅಮೋಘವರ್ಷ ನೃಪತುಂಗನು ಮುಪ್ಪಿನಲ್ಲಿ ರಾಜ್ಯವನ್ನು ತ್ಯಜಿಸಿದನೆಂಬ ಖ್ಯಾತಿ ಈ ಸೀಮೆಯದೇ ಆದರೂ, ಸಿಂಹಾಸನವನ್ನು ಬಿಟ್ಟವನಿಗೆ ಇರುವ ಅನುಕೂಲವು ಎರಡೆತ್ತಿನ ಒಕ್ಕಲಿಗನಿಗೆ ಇರುವುದಿಲ್ಲ.

ಭಾರವನ್ನೆಲ್ಲ ಮಗನಿಗೆ ವಹಿಸಿ ಮಧ್ಯಸ್ಥನಾಗಿರುವುದು ಕೇಳುವುದಕ್ಕೆ ರಮ್ಯವಾಗಿದೆ. ಮಗನು ಆ ಭಾರವನ್ನು ಹೊರದೆಹೋದರೆ ಏನು ಮಾಡಬೇಕು? ಕೌಟಿಲ್ಯನ ಉತ್ತರ ದಂಡ. ಶಕ್ತಿಯಿದ್ದೂ ತಂದೆತಾಯಿಗಳನ್ನು ಸಾಕದವನಿಗೆ ಹನ್ನೆರಡು ಪಣಗಳನ್ನು ವಿಧಿಸಬೇಕು, ಪತಿತರಾದವರನ್ನು ಸಾಕಬೇಕಾಗಿಲ್ಲ, ಆದರೆ ತಾಯಿಗೆ ಆ ಹೊರತೂ ಸಲ್ಲದು, ಆಕೆ ಪತಿತೆಯಾದರೂ ಸಾಕಲೇಬೇಕು. ೧೯೦೫ರಲ್ಲಿ ಮೈಸೂರಿನ ಓಲೆಗರಿಗಳಲ್ಲಿ ಅರ್ಥಶಾಸ್ತ್ರವನ್ನು ಕಂಡು ೧೯೦೯ರಲ್ಲಿ ಅಚ್ಚುಹಾಕಿಸಿದ ಆರ್. ಶಾಮಶಾಸ್ತ್ರಿಗಳ ಉಪಕಾರದಿಂದ ಈ ವಿಧಿಯು ಲೋಕಕ್ಕೆ ತಿಳಿಯಿತು. ಆದರೂ ದಂಡದಿಂದ ಅನ್ನ ದೊರೆತೀತೇ ಹೊರತು ಮನೆಯ ಯಜಮಾನಿಕೆ ದೊರೆಯದು.

ವಿಜ್ಞಾನೇಶ್ವರನು ಹಿಡಿದ ದಾರಿ ಬೇರೆ. ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಅವನು ಸ್ಥಾಪಿಸಿದನು. ವಂಗದೇಶದ ಜೀಮೂತವಾಹನನ ದಾಯಭಾಗವಾದರೋ ತಂದೆಯು ಬದುಕಿರುವವರೆಗೆ ಮಗನಿಗೆ ಸ್ವತ್ವವಿಲ್ಲವೆನ್ನುವುದು. ಮೊದಲ ನೋಟಕ್ಕೆ ವೃದ್ಧನಿಗೆ ವಂಗದೇಶದ ಮತವೇ ಕ್ಷೇಮಕರವೆಂದು ತೋರುವುದು ಸಹಜ. ಮಿತಾಕ್ಷರೆಯಂತೆ ತಾನು ಸ್ವತಃ ಗಳಿಸಿದ ಸ್ಥಾವರವನ್ನು ಸಹ ಮಕ್ಕಳನ್ನು ಕೇಳದೆ ಕೊಡುವುದಾಗಲಿ ಮಾರುವುದಾಗಲಿ ಸಲ್ಲದು. ತಂದೆಗೆ ದೀರ್ಘರೋಗವಿದ್ದರೆ ಅವನ ಇಚ್ಛೆಗೆ ವಿರುದ್ಧವಾಗಿಯೂ ಮಕ್ಕಳು ವಿಭಾಗವನ್ನು ಪಡೆಯಬಹುದು. ಈ ಕೊನೆಯ ಮಾತು ಮುಪ್ಪಿನವರಿಗೆ ಹಿತವಾದದ್ದಲ್ಲವೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಆದರೆ ವಿಭಾಗವಾದಾಗ ಹಿರಿಯರು ಬರಿಗೈಯಲ್ಲಿ ಉಳಿಯುವುದಿಲ್ಲವೆಂಬುದನ್ನೂ ಗಮನಿಸಬೇಕು. ತಂದೆಗೆ ತನ್ನದೇ ಆದ ಅಂಶವುಂಟು. ಅವನು ಮಕ್ಕಳಿಗೆ ಸಮಭಾಗ ಮಾಡಿಕೊಡುವುದಾದರೆ, ಸ್ತ್ರೀಧನವನ್ನು ಪಡೆಯದ ತನ್ನ ಪತ್ನಿಗೂ ಸಮಾನವಾದ ಅಂಶವನ್ನು ಕೊಡಬೇಕು. ತಂದೆಯು ತೀರಿದ ಮೇಲೆ ವಿಭಾಗವಾದರೆ ತಾಯಿಯೂ ಮಗನಷ್ಟೇ ಅಂಶವನ್ನು ಪಡೆಯುವಳು. ವಾನಪ್ರಸ್ಥಪ್ರಕರಣದಲ್ಲಿ ಮಕ್ಕಳಿಗೆ 'ಒಪ್ಪಿಸಲ್ಪಟ್ಟ' ವೃದ್ಧೆಯು ದಾಯಪ್ರಕರಣದಲ್ಲಿ ಅಂಶಭಾಗಿನಿಯಾಗಿ ಕಾಣಿಸಿಕೊಳ್ಳುವಳು. ಒಂದೇ ಸ್ಮೃತಿಯ ಎರಡು ಅಧ್ಯಾಯಗಳ ನಡುವೆ ಇರುವ ಈ ಅಂತರವನ್ನು ಪಾಠ ಹೇಳುವವರು ವಿದ್ಯಾರ್ಥಿಗಳಿಗೆ ತೋರಿಸುವುದು ಒಳ್ಳೆಯದು.

ಇದಕ್ಕಿಂತಲೂ ಮುಖ್ಯವಾದದ್ದು ದತ್ತಾಪ್ರದಾನಿಕವೆಂಬ ವ್ಯವಹಾರಪದ, ಎಂದರೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ವಿಚಾರ. ಕುಟುಂಬಕ್ಕೆ ವಿರೋಧವಾಗದಂತೆ ಮಾತ್ರ ತನ್ನದನ್ನು ಕೊಡಬೇಕು, ಸಂತಾನವಿದ್ದಾಗ ಸರ್ವಸ್ವವನ್ನು ಕೊಡಬಾರದು ಎಂದು ಯಾಜ್ಞವಲ್ಕ್ಯನ ನಿಯಮ. ಇಲ್ಲಿಯೇ ವಿಜ್ಞಾನೇಶ್ವರನು ನಾರದನ ವಚನಗಳನ್ನು ಎತ್ತಿಕೊಳ್ಳುವನು. ಕೊಟ್ಟರೂ ಕೊಟ್ಟಂತಾಗದ 'ಅದತ್ತ'ಗಳು ಹದಿನಾರು ಬಗೆ. ಭಯದಿಂದ, ಕೋಪದಿಂದ, ಶೋಕದ ವೇಗದಲ್ಲಿ, ರೋಗದ ಬಾಧೆಯಲ್ಲಿ ಕೊಟ್ಟವು ಅವುಗಳಲ್ಲಿ ಸೇರುವುವು. ಇವನು ನನಗೆ ಇಂಥ ಕೆಲಸವನ್ನು ಮಾಡುವನು ಎಂಬ ಪ್ರತಿಲಾಭದ ಇಚ್ಛೆಯಿಂದ ಕೊಟ್ಟದ್ದೂ ಅದೇ ಎಣಿಕೆಯಲ್ಲಿದೆ. ಪಡೆದವನು ಆ ಕೆಲಸವನ್ನು ಮಾಡದಿದ್ದರೆ ದಾನವು ದಾನವೇ ಅಲ್ಲ. ಮಗನು ಮುಪ್ಪಿನಲ್ಲಿ ನೋಡಿಕೊಳ್ಳುವನೆಂದು ಮನೆಯನ್ನು ಬರೆದುಕೊಡುವ ತಂದೆಯ ಸ್ಥಿತಿಗೆ ಇದಕ್ಕಿಂತ ಹತ್ತಿರವಾದ ಶಾಸ್ತ್ರವಾಕ್ಯವು ದೊರೆಯುವುದು ಕಷ್ಟ.

ಹಾಗಾದರೆ ಹಿಂದಿನ ಕಾಲದಲ್ಲಿ ವೃದ್ಧರಿಗಾಗಿ ಸಂಸ್ಥೆಗಳಿರಲಿಲ್ಲವೆ ಎಂಬ ಪ್ರಶ್ನೆ ಏಳಬಹುದು. ಆಶ್ರಯಸ್ಥಾನಗಳಿದ್ದವು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ದೀನರಿಗೂ ಅನಾಥರಿಗೂ ಕುಂಟರು ಕುರುಡರು ಕಿವುಡರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ ರೋಗಿಗಳಿಗೆ ಔಷಧ ನಡೆಯುತ್ತಿತ್ತೆಂದೂ ತಿಳಿಸುತ್ತದೆ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ (೧೭೪೬–೧೮೨೨) ದಾಸೋಹವು ಕಲಬುರಗಿಯಲ್ಲಿ ಹಸಿದವರ ಆಸರೆಯಾಯಿತು. ಆದರೆ ಇವುಗಳಲ್ಲಿ ಆಶ್ರಯಕ್ಕೆ ಕಾರಣವಾದದ್ದು ದೈನ್ಯ ಅಥವಾ ಹಸಿವು. ಮನೆಮಠಗಳುಳ್ಳ ಹಿರಿಯನು ಅಲ್ಲಿಗೆ ದಾನಿಯಾಗಿ ಹೋಗುತ್ತಿದ್ದನೇ ಹೊರತು ನಿವಾಸಿಯಾಗಿ ಅಲ್ಲ.

ಇಂದಿನ ಶಾಸನದಲ್ಲಿಯೂ ಈ ಭೇದವು ಉಳಿದಿದೆ. ೨೦೦೭ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮದ ೧೯ನೆಯ ಪ್ರಕರಣದಂತೆ ರಾಜ್ಯಸರ್ಕಾರವು ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು ಸ್ಥಾಪಿಸಬಹುದು. ಒಂದೊಂದರಲ್ಲಿಯೂ ಕಡಮೆಯೆಂದರೆ ೧೫೦ ಮಂದಿಗೆ ಎಡೆಯಿರಬೇಕು. ಆದರೆ ಅದು ನಿರ್ಗತಿಕರಿಗೆ. ಇನ್ನೊಂದು ತುದಿಯಲ್ಲಿ ಬೆಂಗಳೂರು ಮುಂತಾದ ನಗರಗಳಲ್ಲಿ ನಿವೃತ್ತರಿಗೆಂದೇ ಕಟ್ಟಿ ಮಾರುವ ವಸತಿಸಮುಚ್ಚಯಗಳಿವೆ. ಅವುಗಳಿಗಾಗಿ ಕೇಂದ್ರದ ನಗರವ್ಯವಹಾರ ಇಲಾಖೆಯು ೨೦೧೯ರಲ್ಲಿ ಮಾದರಿ ನಿಯಮಗಳನ್ನು ಪ್ರಕಟಿಸಿತು. ಅಲ್ಲಿಯೂ ವಿಚಾರಿಸಬೇಕಾದ ಮೊದಲನೆಯ ಸಂಗತಿ ಕ್ರಯವೋ, ಭೋಗ್ಯವೋ, ಬರಿಯ ಠೇವಣಿಯೋ ಎಂಬುದು. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಜನರಲ್ಲಿ ಸುಮಾರು ನೂರಕ್ಕೆ ಒಂಬತ್ತೂವರೆ ಮಂದಿ ಅರವತ್ತು ದಾಟಿದವರು. ಇವರಲ್ಲಿ ನಿರ್ಗತಿಕರೂ ಅಲ್ಲದೆ ನಗರದ ಸಮುಚ್ಚಯವನ್ನು ಕೊಳ್ಳಲೂ ಆರದೆ ನಡುವೆ ನಿಂತಿರುವವರು ಜಿಡಗಾದಂಥ ಊರುಗಳ ಮುತ್ಯಾ ಆಯಿಗಳು. ಅವರ ಸ್ವತಂತ್ರವಾಸಕ್ಕೆ ಇರುವ ಸ್ಥಾನವು ಈಗಾಗಲೇ ಇರುವ ಮನೆಯೇ.

ಆ ಮನೆಯನ್ನು ಕಾಯುವುದು ಅದೇ ಅಧಿನಿಯಮದ ೨೩ನೆಯ ಪ್ರಕರಣ. ಅರವತ್ತು ತುಂಬಿದವರು, ಪಡೆದವನು ತಮ್ಮ ಮೂಲ ಅವಶ್ಯಕತೆಗಳನ್ನು ಪೂರೈಸಬೇಕೆಂಬ ಕರಾರಿನ ಮೇಲೆ ದಾನವಾಗಿಯೋ ಬೇರೆ ರೀತಿಯಿಂದಲೋ ಆಸ್ತಿಯನ್ನು ಕೊಟ್ಟು, ಅವನು ಅದರಂತೆ ನಡೆಯದಿದ್ದರೆ, ಆ ವರ್ಗಾವಣೆಯು ಮೋಸದಿಂದಲೋ ಬಲಾತ್ಕಾರದಿಂದಲೋ ಅನುಚಿತ ಪ್ರಭಾವದಿಂದಲೋ ಆದದ್ದೆಂದು ಎಣಿಸಲ್ಪಡುವುದು. ಕೊಟ್ಟವರ ಇಚ್ಛೆಯಂತೆ ನ್ಯಾಯಮಂಡಲಿಯು ಅದನ್ನು ರದ್ದು ಮಾಡಬಹುದು. ನಾರದನ 'ಅದತ್ತ'ವು ಬೇರೊಂದು ಭಾಷೆಯಲ್ಲಿ ಮರಳಿ ಬಂದಂತಿದೆ. ಭೇದವಿರುವುದು ಒಂದೇ ಅಂಶದಲ್ಲಿ: ನಾರದನಿಗೆ ಕೊಡುವವನ ಮನಸ್ಸಿನಲ್ಲಿದ್ದ ಪ್ರತಿಲಾಭದ ಇಚ್ಛೆಯೇ ಸಾಕು, ಅಧಿನಿಯಮಕ್ಕೆ ಕರಾರು ಬೇಕು. ಕರಾರು ಇತ್ತೆಂಬುದನ್ನು ಸಿದ್ಧಪಡಿಸದಿದ್ದರೆ ಈ ಪ್ರಕರಣವು ಅನ್ವಯಿಸದೆಂದು ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ೨೦೨೫ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಇದು ವೃದ್ಧರ ಹಿತಕ್ಕಾಗಿ ಹುಟ್ಟಿದ ಶಾಸನವಾದ್ದರಿಂದ ಉದಾರವಾಗಿ ಅರ್ಥ ಮಾಡಬೇಕೆಂದು ಹೇಳಿ ತಾಯಿಯೊಬ್ಬರ ದಾನಪತ್ರವನ್ನು ರದ್ದುಪಡಿಸಿತು. ಎರಡನೆಯದು ನಾರದನಿಗೆ ಒಂದು ಹೆಜ್ಜೆ ಹತ್ತಿರ. ಆದರೆ ವೃದ್ಧರ ಹಕ್ಕೂ ನಿರಂಕುಶವಲ್ಲ. ಬೆಂಗಳೂರಿನ ಒಂದು ವ್ಯಾಜ್ಯದಲ್ಲಿ, ಸೊಸೆಗೆ ೨೦೦೫ರ ಕೌಟುಂಬಿಕ ದೌರ್ಜನ್ಯ ತಡೆ ಅಧಿನಿಯಮದಿಂದ ಬಂದಿರುವ ವಾಸದ ಹಕ್ಕನ್ನು ಈ ಅಧಿನಿಯಮವೊಂದರಿಂದಲೇ ಅಳಿಸಿಹಾಕಲಾಗದೆಂದು ಅದೇ ನ್ಯಾಯಾಲಯವು ೨೦೨೦ರಲ್ಲಿ ಹೇಳಿದೆ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರ ವಾಸಹಕ್ಕುಗಳು ಎದುರುಬದುರಾದಾಗ ಮಿತಾಕ್ಷರೆಯಿಂದಲೂ ಸುಲಭವಾದ ಪರಿಹಾರ ದೊರೆಯಲಾರದು.

ವ್ಯವಹಾರದಲ್ಲಿ ಇದರ ಫಲವು ಪತ್ರದ ಮಾತುಗಳನ್ನು ಅವಲಂಬಿಸಿರುವುದು. ಮರಣಶಾಸನವನ್ನು ಬರೆದವನು ಬದುಕಿರುವವರೆಗೆ ಅದನ್ನು ಬದಲಿಸಬಹುದು; ದಾನಪತ್ರವು ನೋಂದಣಿಯಾದರೆ ಸ್ವತ್ವವು ಅಂದೇ ಕೈಬಿಡುವುದು. 'ಪ್ರೀತಿವಿಶ್ವಾಸಗಳಿಂದ ಕೊಟ್ಟಿದ್ದೇನೆ' ಎಂಬ ರೂಢಿಯ ಒಕ್ಕಣೆಯೊಂದೇ ಇದ್ದರೆ ಕರಾರನ್ನು ಸಾಧಿಸುವುದು ಕಷ್ಟ. ಯಾವ ಕೋಣೆಯಲ್ಲಿ ವಾಸ, ಅಡಿಗೆಗೆ ಯಾವ ಸ್ಥಳ, ನೀರಿಗೂ ಶೌಚಕ್ಕೂ ಯಾವ ದಾರಿ, ಒಬ್ಬರು ತೀರಿದ ಮೇಲೆ ಉಳಿದವರಿಗೆ ಜೀವಾವಧಿ ಅದೇ ಹಕ್ಕು ಉಂಟೇ ಎಂಬುದನ್ನು ಬರೆದ ಪತ್ರವು ಬೇರೆ ಜಾತಿಯದು. ಹೊಲದ ಪಹಣಿಯಲ್ಲಾಗಲಿ ಗ್ರಾಮ ಪಂಚಾಯತಿಯ ಮನೆಖಾತೆಯಲ್ಲಾಗಲಿ ಆಯಿಯ ಹೆಸರು ಇಲ್ಲದಿದ್ದರೆ, ಮಿತಾಕ್ಷರೆಯು ಅವಳಿಗೆ ಹೇಳಿದ ಅಂಶದ ಮಾತನ್ನು ವಿಭಾಗದ ದಿನವೇ ಎತ್ತಬೇಕಾಗುವುದು.

ಜಿಡಗಾದವರಿಗೆ ನ್ಯಾಯಮಂಡಲಿಯು ಕಲಬುರಗಿಯ ಉಪವಿಭಾಗಾಧಿಕಾರಿಗಳದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಅದಕ್ಕೇ ಸೇರಿವೆ. ಮಾಸಾಶನವನ್ನು ಬೇಡುವ ಅರ್ಜಿಯಾದರೆ, ಎದುರುಪಕ್ಷಕ್ಕೆ ತಿಳಿವಳಿಕೆ ತಲಪಿದಂದಿನಿಂದ ತೊಂಬತ್ತು ದಿನಗಳೊಳಗೆ ತೀರ್ಮಾನವಾಗಬೇಕೆಂದು ಅಧಿನಿಯಮವು ವಿಧಿಸುತ್ತದೆ. ವಿಶೇಷ ಕಾರಣವಿದ್ದರೆ ಮತ್ತೆ ಮೂವತ್ತು ದಿನಗಳ ಅವಕಾಶವುಂಟು.