ಬೆಳಗ್ಗಿನ ಕಳ್ಳು, ಸಂಜೆಯ ಕಳ್ಳು: ಗಡಂಗಿಗೆ ಹೋಗುವ ಮೊದಲು

ಇವತ್ತಿನ ವಿಷಯ ಕೇಳಿ ಕೆಲವರು ನಗಬಹುದು, ಕೆಲವರು ಮುಖ ಸಿಂಡರಿಸಬಹುದು. ವಿಷಯ ಶೇಂದಿ ಅಂಗಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳಬರ ಬಾಯಲ್ಲಿ ಗಡಂಗು. ಅಲ್ಲಿ ಸಿಗುವ ಕಳ್ಳಿಗೆ ತುಳುವಿನಲ್ಲಿ ಕಲಿ.

ಒಂದು ಪ್ರಶ್ನೆಯಿಂದ ಶುರು ಮಾಡುವ. ಬಾರುಗಳೆಲ್ಲ ಬಿ.ಸಿ.ರೋಡಿನಂಥ ಪೇಟೆಯಲ್ಲಿ, ಹೆದ್ದಾರಿ ಹತ್ತಿರ ಇರ್ತವೆ. ಕಳ್ಳಿನ ಅಂಗಡಿ ಮಾತ್ರ ಒಳದಾರಿಯಲ್ಲಿ, ತೋಟದ ಬದಿಯಲ್ಲಿ, ಬೋರ್ಡು ಸಹ ಸರಿಯಾಗಿ ಕಾಣದ ಜಾಗದಲ್ಲಿ ಯಾಕೆ? ನಾಚಿಕೆಯಿಂದ ಅಡಗಿ ಕೂತದ್ದು ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಉಂಟು. ಕಳ್ಳು ಕಾಯುವುದಿಲ್ಲ. ಅದು ಮರದ ಹತ್ತಿರವೇ ಮಾರಾಟ ಆಗ್ಬೇಕು.

ತೆಂಗು, ತಾಳೆ, ಘಟ್ಟದ ಬುಡಕ್ಕೆ ಹೋದರೆ ಬೈನೆ, ಈ ಮೂರೂ ಮರಗಳಿಂದ ಕಳ್ಳು ಇಳಿಸ್ತಾರೆ. ತೆಂಗಿನದ್ದು ಹೀಗೆ: ಇನ್ನೂ ಅರಳದ ಹೊಂಬಾಳೆಯನ್ನು ಬಿಗಿಯಾಗಿ ಕಟ್ಟಿ, ಕೆಲವು ದಿನ ಅದನ್ನು ಮೆತ್ತಗೆ ಬಡಿದು ಹದ ಮಾಡ್ತಾರೆ. ಜೋರಾಗಿ ಬಡಿದರೆ ಒಳಗೆ ಕೊಳೀತದೆ, ಸಾಲದಿದ್ದರೆ ರಸ ಇಳಿಯುವುದಿಲ್ಲ. ಅದು ಕೈಗೆ ಮಾತ್ರ ಗೊತ್ತಾಗುವ ಲೆಕ್ಕ. ಆಮೇಲೆ ತುದಿ ಕೊಯ್ದು ಕೆಳಗೆ ಮಡಕೆ ಕಟ್ಟುವುದು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮರ ಹತ್ತಿ ರಸ ಇಳಿಸಿ, ತುದಿಯನ್ನು ತೆಳುವಾಗಿ ಮತ್ತೆ ಕೊಯ್ಯಬೇಕು. ಒಂದೆರಡು ದಿನ ಬಿಟ್ಟರೆ ಗಾಯ ಒಣಗ್ತದೆ, ಮಾಡಿದ ಕೆಲಸ ಹಾಳು. ಈ ಕೆಲಸಕ್ಕೆ ಮೂರ್ತೆ ಅಂತ ಹೆಸರು, ಮಾಡುವವರು ಮೂರ್ತೆದಾರರು.

ಮರದಿಂದ ತೊಟ್ಟಿಕ್ಕುವಾಗ ಅದು ಬರೀ ಸಿಹಿ ನೀರು. ಆದರೆ ಗಾಳಿಯಲ್ಲಿ, ಹೊಂಬಾಳೆಯ ಮೇಲೆ, ಹಳೇ ಮಡಕೆಯ ಗೋಡೆಯಲ್ಲಿ ಯೀಸ್ಟ್ ಇರ್ತದಲ್ವಾ, ಮರದ ಮೇಲೆ ಇರುವಾಗಲೇ ಹುದುಗು ಶುರು. ಮಡಕೆ ಒಳಗೆ ಸುಣ್ಣ ಸವರಿದರೆ ಹುದುಗುವುದು ತಡೆಯುತ್ತದೆ. ಆಗ ಸಿಗುವುದು ನೀರಾ, ಅದನ್ನೇ ಕಾಯಿಸಿದರೆ ಬೆಲ್ಲ. ಸುಣ್ಣ ಇಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಅಮಲು, ಹೆಚ್ಚುಕಡಿಮೆ ಬಿಯರಿನಷ್ಟು. ಮರುದಿನಕ್ಕೆ ಹುಳಿ. ಇನ್ನೂ ಬಿಟ್ಟರೆ ವಿನೆಗರ್.

ಹಾಗಾಗಿ ಕಳ್ಳಿನ ಅಂಗಡಿಗೆ ಹೋಗುವವರು ಮೊದಲು ಕೇಳಬೇಕಾದ್ದು ರೇಟಲ್ಲ, ಇದು ಯಾವಾಗ ಇಳಿಸಿದ್ದು ಅಂತ. ಬೆಳಗ್ಗಿನದ್ದು ಹೊತ್ತೇರುವ ಮೊದಲು ಕುಡಿದರೆ ಸಿಹಿ, ನಾಲಗೆಗೆ ಸಣ್ಣಗೆ ಚುರುಕು. ಸಂಜೆಗೆ ಅದೇ ಕಳ್ಳು ಗಡುಸು. ಮಳೆಗಾಲದಲ್ಲಿ ಮಡಕೆಗೆ ನೀರು ಸೇರ್ತದೆ, ಮರವೂ ಜಾರ್ತದೆ, ಆ ತಿಂಗಳುಗಳಲ್ಲಿ ಹೆಚ್ಚು ನಿರೀಕ್ಷೆ ಬೇಡ. ತಿನ್ನಲಿಕ್ಕೆ ಬೂತಾಯಿ ಫ್ರೈಯೋ ಮರುವಾಯಿ ಸುಕ್ಕವೋ ಇದ್ದರೆ ಅದೃಷ್ಟ. ಖಾರ ಜಾಸ್ತಿ ಇರ್ತದೆ, ಅದು ವ್ಯಾಪಾರದ ಜಾಣತನ ಮಾರಾಯ್ರೆ.

ಇಂಗ್ಲೆಂಡಿನಲ್ಲಿ ಇದರದ್ದೇ ದಾಯಾದಿ ಒಂದುಂಟು, ರಿಯಲ್ ಏಲ್. ಪೀಪಾಯಿಯಲ್ಲಿ ಯೀಸ್ಟ್ ಜೀವಂತ ಇರುವಾಗಲೇ ಗಲ್ಲಿಯ ಪಬ್ಬಿನ ನೆಲಮಾಳಿಗೆಗೆ ಬರುವ ಬಿಯರ್. ಪೀಪಾಯಿ ತೆರೆದ ಮೇಲೆ ಮೂರ್ನಾಲ್ಕು ದಿನದಲ್ಲಿ ಖಾಲಿ ಮಾಡ್ಬೇಕು. ದೊಡ್ಡ ಕಂಪನಿಗಳು ಯೀಸ್ಟ್ ಕೊಂದು, ಗ್ಯಾಸ್ ತುಂಬಿ, ಎಲ್ಲ ಕಡೆ ಒಂದೇ ರುಚಿಯ ಬಿಯರ್ ಕಳಿಸತೊಡಗಿದಾಗ 1971ರಲ್ಲಿ ನಾಲ್ಕು ಜನ ಗೆಳೆಯರು ಕ್ಯಾಮ್ರಾ ಅಂತ ಒಂದು ಗ್ರಾಹಕರ ಸಂಘ ಕಟ್ಟಿದರು. ಆ ಏಲ್ ಉಳಿದದ್ದರಲ್ಲಿ ಅವರ ಪಾಲು ದೊಡ್ಡದು. ನಮ್ಮಲ್ಲಿ ಕುಡಿಯುವವರ ಸಂಘ ಇಲ್ಲ. ಇರುವುದು ಇಳಿಸುವವರ ಸಂಘ, ಅಂದರೆ ಮೂರ್ತೆದಾರರ ಸೇವಾ ಸಹಕಾರಿ ಸಂಘಗಳು.

ಇಲ್ಲೇ ವಿಷಯ ಕಷ್ಟದ್ದು. ಮೂರ್ತೆ ಹೆಚ್ಚಾಗಿ ಬಿಲ್ಲವರ ಕುಲಕಸುಬು. ಅದೇ ಸಮುದಾಯ ಗುರುವೆಂದು ಪೂಜಿಸುವ ನಾರಾಯಣ ಗುರುಗಳು, 1912ರಲ್ಲಿ ಮಂಗಳೂರಿನ ಕುದ್ರೋಳಿ ದೇವಸ್ಥಾನದಲ್ಲಿ ಪ್ರತಿಷ್ಠೆ ಮಾಡಿದವರು, ಕಳ್ಳು ಇಳಿಸುವುದೂ ಬೇಡ, ಮಾರುವುದೂ ಬೇಡ, ಕುಡಿಯುವುದೂ ಬೇಡ ಅಂದವರು. ಕಸುಬಿನ ಜೊತೆ ಅಂಟಿಕೊಂಡ ಕೀಳರಿಮೆಯಿಂದ ಮಕ್ಕಳು ಪಾರಾಗಲಿ, ಶಾಲೆಗೆ ಹೋಗಲಿ ಅಂತ. ಮಕ್ಕಳು ಹೋದರು. ಮುಂಬೈಗೆ, ಗಲ್ಫಿಗೆ, ಬ್ಯಾಂಕಿಗೆ ಹೋದರು. ಈಗ ಮರ ಹತ್ತಲಿಕ್ಕೆ ಜನ ಇಲ್ಲ ಅಂತ ನಾವು ಬೇಸರಪಡುವಾಗ ಇದು ನೆನಪಿರಬೇಕು. ಬೇರೆಯವರ ಮಗ ದಿನಕ್ಕೆ ಎರಡು ಸಲ ಮರದ ತುದಿಗೆ ಹತ್ತಲಿ, ನಮಗೆ ಪರಂಪರೆಯ ರುಚಿ ಸಿಗಲಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಮೂರ್ತೆದಾರರಿಗೆ ಬಿದ್ದರೆ ಆಸರೆ, ವಯಸ್ಸಾದ ಮೇಲೆ ಪಿಂಚಣಿ, ಮರ ಕೊಟ್ಟ ರೈತನಿಗೆ ಕಾಯಿ ಬಿಟ್ಟದ್ದಕ್ಕೆ ಸರಿಯಾದ ದುಡ್ಡು, ಇಷ್ಟು ಆದರೆ ಮಾತ್ರ ಅಂಗಡಿ ಉಳೀಬೇಕು ಅನ್ನುವ ಮಾತಿಗೆ ಬೆಲೆ.

ಹತ್ತುವವರು ಕಡಿಮೆಯಾಗಿ ಕುಡಿಯುವವರು ಹಾಗೇ ಇದ್ದರೆ ಏನಾಗ್ತದೆ ಅಂತ ರಾಯಚೂರು ಕಡೆ ನೋಡಿ ಆಗಿದೆ. ಅಲ್ಲಿ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಎಂಬ ಮಂಪರಿನ ಪುಡಿ ಕಲಸಿದ ನೀರೇ ಸೇಂದಿಯ ಹೆಸರಲ್ಲಿ ಓಡಾಡಿತು. ಸಾರಾಯಿ 2007ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬಂದ್ ಆಯ್ತು. ಸೇಂದಿಯೂ ಹೆಚ್ಚಿನ ಜಿಲ್ಲೆಗಳಲ್ಲಿ ಇಲ್ಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಾತ್ರ ಲೈಸೆನ್ಸಿನ ಅಂಗಡಿಗಳು ಉಳಿದದ್ದಕ್ಕೆ ಇಲ್ಲಿ ಇನ್ನೂ ನಿಜವಾದ ಮರ, ನಿಜವಾದ ಮೂರ್ತೆ ಇದ್ದದ್ದೂ ಒಂದು ಕಾರಣ. ಮಡಕೆಗೂ ಅಂಗಡಿಗೂ ದೂರ ಹೆಚ್ಚಾದಷ್ಟು ಅನುಮಾನ ಹೆಚ್ಚಿರಲಿ. ಮಧ್ಯಾಹ್ನದ ಹೊತ್ತಿಗೆ ಮುಗೀತು ಅಂತ ಹೇಳುವ ಅಂಗಡಿಯನ್ನು ನಂಬಬಹುದು. ಎಷ್ಟು ಹೊತ್ತಿಗೆ ಹೋದರೂ ಒಂದೇ ರುಚಿ ಇದ್ದರೆ ಎರಡನೇ ಗ್ಲಾಸು ಬೇಡ.

ಕುಡಿಯದವರೂ ಈ ಅಂಗಡಿಗೆ ಗಿರಾಕಿಗಳೇ. ಮೂಡುಬಿದಿರೆ, ಬಂಟ್ವಾಳದ ಕ್ರಿಶ್ಚಿಯನ್ ಮನೆಗಳಲ್ಲಿ ಹಬ್ಬಕ್ಕೆ ಸನ್ನಾಂ ಆಗ್ಬೇಕಾದರೆ ಹಿಟ್ಟು ಉಬ್ಬಲಿಕ್ಕೆ ಕಳ್ಳೇ ಬೇಕು, ಕೊಂಕಣಿಯಲ್ಲಿ ಸುರ್. ಯೀಸ್ಟ್ ಪುಡಿ ಹಾಕಿದರೂ ಉಬ್ಬುತ್ತದೆ, ಆದರೆ ಆ ಪರಿಮಳ ಬರುವುದಿಲ್ಲ. ಸನ್ನಾಂಗೆ ಅಂತ ಹೇಳಿ ತೆಗೊಳ್ಳಿ, ಆವತ್ತಿನ ಸಿಹಿ ಕಳ್ಳು ಕೊಡ್ತಾರೆ. ಬಾಟಲಿ ಮುಕ್ಕಾಲು ಮಾತ್ರ ತುಂಬಿಸಿ, ಮುಚ್ಚಳ ಸಡಿಲ ಇಡಿ. ಮನೆಗೆ ಬರುವ ದಾರಿಯಲ್ಲೂ ಅದು ಹುದುಗುತ್ತಲೇ ಇರ್ತದೆ.