ಫ್ರೀ ಓದು, ಆದರೆ ಹತ್ತು ಲಕ್ಷ ಇಡಿ!

‘ಜರ್ಮನಿಯಲ್ಲಿ ಓದು ಫ್ರೀ ಅಂತೆ, ಮಗನನ್ನು ಕಳಿಸಿಬಿಡೋಣ.’ ಈ ಮಾತು ಸುಳ್ಳೇನಲ್ಲ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಹಾಗಂತ ಎಲ್ಲಾ ಕಡೆ ಫ್ರೀ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರದೇಶದ ಮಕ್ಕಳು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು.

ಅಸಲಿ ಲೆಕ್ಕ ಇರೋದು ವೀಸಾದಲ್ಲಿ. ಮೊದಲು ಎಪಿಎಸ್ ಪ್ರಮಾಣಪತ್ರ, ಅಂದ್ರೆ ನಿಮ್ಮ ಅಂಕಪಟ್ಟಿ ಅಸಲಿಯೇ ಅನ್ನೋ ಪರಿಶೀಲನೆ. 2022ರ ನವೆಂಬರ್‌ನಿಂದ ಭಾರತದ ಬಹುತೇಕ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ.

ಆಮೇಲೆ, ಒಂದು ವರ್ಷದ ಊಟ, ಬಾಡಿಗೆಗೆ ದುಡ್ಡಿದೆ ಅಂತ ತೋರಿಸಬೇಕು. ಸ್ಕಾಲರ್‌ಶಿಪ್ ಇಲ್ಲದವರು ಸಾಮಾನ್ಯವಾಗಿ ‘ಬ್ಲಾಕ್ಡ್ ಅಕೌಂಟ್’ ತೆರೆದು ಹಣ ಇಡುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತ 11,904 ಯೂರೋ. ಅಂದ್ರೆ 10 ಲಕ್ಷ ರೂಪಾಯಿಗೂ ಮೇಲೆ! ಅದು ಫೀಸಲ್ಲ, ನಿಮ್ಮದೇ ದುಡ್ಡು. ಆದರೆ ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಸಿಗುತ್ತೆ.

ಇನ್ನೊಂದು ವಿಷಯ. ಮಾಸ್ಟರ್ಸ್ ಸಾಮಾನ್ಯವಾಗಿ ಎರಡು ವರ್ಷ, ಈ ಹಣ ಒಂದೇ ವರ್ಷಕ್ಕೆ. ವಾಸದ ಪರವಾನಗಿ ಮುಂದುವರಿಸೋಕೆ ಮತ್ತೆ ದುಡ್ಡು ತೋರಿಸಬೇಕು. ಹೊಲ ಅಡವಿಡೋ ಮುಂಚೆ, ಅಪ್ಪ-ಅಮ್ಮಂದಿರೇ, ಎರಡನೇ ವರ್ಷದ ಲೆಕ್ಕವನ್ನೂ ಕೂತು ಹಾಕಿ.